ಹಳೆಯ ಭಾರಿ ಕಾರಿನ ದೂರಪ್ರಯಾಣ: ಎಳೆಯುವುದೋ, ಹೊತ್ತೊಯ್ಯುವುದೋ?

ಬಾಗಲಕೋಟೆ: ಅಂಗಳದಲ್ಲಿ, ಷೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಹಳೆಯ ಕಾರಿಗೆ ಇತ್ತೀಚೆಗೆ ಮತ್ತೆ ಬೆಲೆ ಬಂದಿದೆ. ಅಂಬಾಸಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ಸ್ಥಗಿತಗೊಂಡಿತು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪ ಕಳೆದುಕೊಳ್ಳದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುವಂತಾಯಿತು. ಆದರೆ ದುರಸ್ತಿಗೆಂದು ಇಂತಹ ಕಾರನ್ನು ಇಳಕಲ್ಲಿನಿಂದಲೋ ಬಾದಾಮಿಯಿಂದಲೋ ಬೆಂಗಳೂರಿಗೆ ಸಾಗಿಸಬೇಕಾದಾಗ ದಾರಿ ನಾನೂರು ಕಿ.ಮೀ.ಗೂ ಹೆಚ್ಚು. ಆಗ ಮೊದಲು ಹೊಳೆಯುವ ಉಪಾಯವೆಂದರೆ ಪರಿಚಯದವರ ಪಿಕಪ್ ಮತ್ತು ಒಂದು ಗಟ್ಟಿ ಹಗ್ಗ. ದೂರದ ಪ್ರಯಾಣಕ್ಕೆ ಇವೆರಡೂ ಒದಗುವುದಿಲ್ಲ.

ಮೊದಲನೆಯ ಅಡ್ಡಿ ಕಾನೂನಿನದು. 1989ರ ರಸ್ತೆ ನಿಯಮಗಳ ಪ್ರಕಾರ ಎಳೆಯಬಹುದಾದದ್ದು ಕೆಟ್ಟು ನಿಂತ ಅಥವಾ ಜೋಡಣೆ ಪೂರ್ಣಗೊಳ್ಳದ ವಾಹನವನ್ನು ಮತ್ತು ನೋಂದಾಯಿತ ಟ್ರೇಲರನ್ನು ಮಾತ್ರ. ಎಳೆಯಲ್ಪಡುವ ಕಾರಿನ ಸ್ಟೀರಿಂಗ್ ಹಿಂದೆ ಲೈಸೆನ್ಸ್ ಇರುವ ಚಾಲಕ ಕುಳಿತಿರಬೇಕು, ಇಲ್ಲವೇ ಮುಂಗಾಲಿಗಳು ನೆಲ ಬಿಟ್ಟು ಭದ್ರವಾಗಿ ಮೇಲೆತ್ತಲ್ಪಟ್ಟಿರಬೇಕು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಿಂಬದಿಯಲ್ಲಿ ‘ಆನ್ ಟೋ’ ಎಂಬ ಫಲಕವಿರಬೇಕು. 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಇದರ ಸ್ಥಾನಕ್ಕೆ ಬಂದಿತಾದರೂ, ಹಗ್ಗ ಕಟ್ಟಿ ಎಳೆಯುವುದು ಹತ್ತಿರದ ಗ್ಯಾರೇಜಿನವರೆಗಿನ ತಾತ್ಕಾಲಿಕ ಏರ್ಪಾಡೆಂದೇ ತಿಳಿಯುವುದು ಕ್ಷೇಮ.

ಎರಡನೆಯ ಅಡ್ಡಿ ಯಂತ್ರದ್ದು. ಇದು ಹಲವರ ಗಮನಕ್ಕೆ ಬಾರದು. ಹಳೆಯ ಕಾರುಗಳಲ್ಲಿ ಬಹುತೇಕ ಎಲ್ಲವೂ ಹಿಂಗಾಲಿಯಿಂದ ಚಲಿಸುವಂಥವು. ಎಂಜಿನ್ ಆಫ್ ಮಾಡಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಹಿಂಗಾಲಿಗಳು ಗೇರ್ ಬಾಕ್ಸಿನ ಹಿಂಭಾಗದ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ. ಆದರೆ ಎಣ್ಣೆಯನ್ನು ಮೇಲಕ್ಕೆ ಎರಚುವ ಕೆಳಗಿನ ಶಾಫ್ಟ್ ಎಂಜಿನ್ನಿನೊಡನೆ ನಿಂತುಬಿಟ್ಟಿರುತ್ತದೆ. ಇಳಕಲ್ಲಿನಿಂದ ಹುನಗುಂದಕ್ಕೆ ಎಳೆದರೆ ಏನೂ ಆಗದಿರಬಹುದು. ಹೊಸಪೇಟೆ ತಲುಪುವಷ್ಟರಲ್ಲಿ ಬೇರಿಂಗ್ ಸುಟ್ಟಿರಬಹುದು. ಆಟೊಮ್ಯಾಟಿಕ್ ಗೇರ್ ಇರುವ ಅಮೆರಿಕನ್ ಕಾರುಗಳಲ್ಲಿ ಎಣ್ಣೆಯ ಪಂಪು ಎಂಜಿನ್ನಿನಿಂದಲೇ ನಡೆಯುವುದರಿಂದ ಅಪಾಯ ಇನ್ನೂ ಬೇಗ ಎದುರಾಗುತ್ತದೆ. ಎಳೆಯಲೇಬೇಕಾದ ಪ್ರಸಂಗದಲ್ಲಿ ಹಿಂಗಾಲಿಗಳನ್ನು ಎತ್ತಿ ಮುಂಗಾಲಿಗಳನ್ನು ನೇರವಾಗಿ ಕಟ್ಟಬೇಕು, ಇಲ್ಲವೇ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಡಬೇಕು. ಹಗ್ಗವನ್ನು ಬಂಪರಿಗೆ ಕಟ್ಟುವುದಂತೂ ಸಲ್ಲದು.

ಹಾಗಾದರೆ ಪಿಕಪ್ಪಿನ ಮೇಲೆಯೇ ಏರಿಸಬಾರದೇ? ಅಂಬಾಸಡರ್ ಉದ್ದ ಸುಮಾರು 4.3 ಮೀಟರ್, ತೂಕ 1,100 ಕೆ.ಜಿ.ಗೂ ಮೇಲೆ. ತೂಕವನ್ನು ದೊಡ್ಡ ಪಿಕಪ್ ತಾಳಿಕೊಂಡೀತು. ಆದರೆ ಅದರ ಹಾಸು ಹೆಚ್ಚೆಂದರೆ 3 ಮೀಟರ್ ಆಸುಪಾಸು. ಹಿಂದಕ್ಕೆ ಚಾಚಿಕೊಂಡ ಹೊರೆಗೆ 2019ರ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂ. ದಂಡ ನಿಗದಿಯಾಗಿದೆ. ಮಿತಿ ಮೀರಿದ ಭಾರಕ್ಕೂ ಅಷ್ಟೇ ದಂಡ, ಮೇಲಾಗಿ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಇನ್ನು 1960ರ ದಶಕದ ಷೆವ್ರೊಲೆ ಇಂಪಾಲಾದಂತಹ ಕಾರು 5.3 ಮೀಟರ್ ಉದ್ದ, 1,600 ಕೆ.ಜಿ.ಗೂ ಮಿಗಿಲಾದ ಭಾರ. ಅದನ್ನು ಪಿಕಪ್ಪಿನ ಮೇಲೇರಿಸುವ ಮಾತೇ ಇಲ್ಲ.

ಉಳಿಯುವುದು ಟ್ರೇಲರ್. ಅಮೆರಿಕದಲ್ಲಿ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿ ಕಾರು ಸಾಗಿಸುವುದು ವಾಡಿಕೆಯ ಕೆಲಸ. ಅಲ್ಲಿಯ ಪಿಕಪ್ ನಮ್ಮಲ್ಲಿನದಕ್ಕಿಂತ ಬಹಳ ಭಾರವಾದುದು ಎಂಬುದನ್ನು ಮರೆಯಬಾರದು. ನಮ್ಮ ಖಾಲಿ ಪಿಕಪ್ಪಿನ ಸ್ವಂತ ತೂಕ 1,700 ಕೆ.ಜಿ. ಆಸುಪಾಸು, ಇಂಪಾಲಾ ಹೊತ್ತ ಟ್ರೇಲರಿನ ತೂಕ 2,300 ಕೆ.ಜಿ. ದಾಟೀತು. ಇಳಿಜಾರಿನಲ್ಲಿ ಭಾರವಾದ ಚಕ್ಕಡಿಯು ಎತ್ತುಗಳನ್ನು ಮುಂದಕ್ಕೆ ನೂಕುವುದನ್ನು ಕಂಡವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ಟ್ರೇಲರಿಗೆ ಅದರದೇ ಬ್ರೇಕ್ ಮತ್ತು ನೋಂದಣಿ ಇರಬೇಕು. ಅದರ ಒಟ್ಟು ಭಾರದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಕಾರನ್ನು ಹಿಂದೆ ಮುಂದೆ ಸರಿಸಿ ನಿಲ್ಲಿಸಬೇಕು. ಕೊಂಡಿಯ ಮೇಲಿನ ಭಾರ ಕಡಿಮೆಯಾದರೆ ಟ್ರೇಲರ್ ಎಡಬಲಕ್ಕೆ ತೂಗಾಡಲಾರಂಭಿಸುತ್ತದೆ. ಹೆಚ್ಚಾದರೆ ಪಿಕಪ್ಪಿನ ಮುಂಭಾಗ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಇಷ್ಟೆಲ್ಲ ನೋಡಿದರೆ ಚಪ್ಪಟೆ ಹಾಸಿನ ಲಾರಿಯನ್ನು ಬಾಡಿಗೆಗೆ ಹಿಡಿಯುವುದೇ ವಿವೇಕ. ಗ್ರಾನೈಟ್ ದಿಮ್ಮಿಗಳನ್ನು ಸಾಗಿಸಿ ಪಳಗಿದ ಇಳಕಲ್ಲಿನಲ್ಲಿ ಕ್ರೇನುಗಳಿಗಾಗಲಿ, ಭಾರ ಹೊರುವ ಲಾರಿಗಳಿಗಾಗಲಿ ಕೊರತೆಯಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ. ಕಲ್ಲಿನ ದಿಮ್ಮಿ ತನ್ನ ತೂಕದಿಂದಲೇ ಇಟ್ಟಲ್ಲಿ ಕುಳಿತಿರುತ್ತದೆ. ಕಾರು ಸ್ಪ್ರಿಂಗ್‌ಗಳ ಮೇಲೆ ನಿಂತದ್ದು. ರಸ್ತೆಯ ಪ್ರತಿ ಉಬ್ಬಿಗೂ ಅದು ಕುಗ್ಗಿ ಏಳುತ್ತದೆ, ಬಾಡಿಗೆ ಕಟ್ಟಿದ ಹಗ್ಗ ಸಡಿಲವಾಗುತ್ತದೆ. ಆದ್ದರಿಂದ ಅಗಲವಾದ ಪಟ್ಟಿಗಳಿಂದ ಗಾಲಿಗಳನ್ನು ಅಥವಾ ಆಕ್ಸಲ್‌ಗಳನ್ನು ನಾಲ್ಕೂ ಮೂಲೆಗಳಲ್ಲಿ ಬಿಗಿಯಬೇಕು. ಗಾಲಿಗಳಿಗೆ ಹಿಂದೆ ಮುಂದೆ ಮರದ ತಡೆ ಕೊಡಬೇಕು. ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲನ್ನು ಆದಷ್ಟು ಕಡಿಮೆ ಮಾಡಿರಬೇಕು. ಮಳೆ ಧೂಳಿಗೆಂದು ಹೊದಿಸುವ ತಾಡಪತ್ರಿಯಂತೂ ಗಾಳಿಗೆ ಬಡಿದು ಬಡಿದು, ಧೂಳನ್ನೇ ಉಜ್ಜುಕಾಗದ ಮಾಡಿಕೊಂಡು ಬಣ್ಣ ಕೀಳುತ್ತದೆ. ಹೊದಿಸದಿರುವುದೇ ಲೇಸು.

ಹುನಗುಂದದಿಂದ ಹೊಸಪೇಟೆಯತ್ತ ಸಾಗುವ ಚತುಷ್ಪಥ ಹೆದ್ದಾರಿ ಸುಗಮವಾದುದು. ಕಷ್ಟವಿರುವುದು ಅದನ್ನು ಸೇರುವ ಮುನ್ನ. ಬಾಗಲಕೋಟೆಯಿಂದ ಅಮೀನಗಡದ ಮೂಲಕ ಹುನಗುಂದಕ್ಕೆ ಬರುವಾಗಲೂ ಬಾದಾಮಿಯ ಕಡೆಯಿಂದ ಬರುವಾಗಲೂ ಹಗಲು ಪ್ರಯಾಣವೇ ಒಳಿತು. ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಾತ್ರಿ ಕಣ್ಣಿಗೆ ಬೀಳುವುದೇ ತಡ. ಪುಷ್ಯ ಮಾಸದ ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ರಸ್ತೆಯನ್ನು ಬಿಡುವುದು ಲೇಸು. ಮಳೆ ಬಿದ್ದ ಮೇಲೆ ಎರೆ ಭೂಮಿಯ ರಸ್ತೆಯ ಅಂಚಿಗೆ ಭಾರದ ವಾಹನ ಇಳಿಸಿದರೆ ಗಾಲಿ ಹೂತು ಇನ್ನೊಂದು ಕ್ರೇನು ಕರೆಸಬೇಕಾದೀತು. ಹೊರಟ ಹತ್ತು ಕಿ.ಮೀ.ಗೆ ಒಮ್ಮೆ, ಬಳಿಕ ಪ್ರತಿ ನಿಲುಗಡೆಯಲ್ಲೂ ಪಟ್ಟಿಗಳನ್ನು ಕೈಯಿಂದ ಮುಟ್ಟಿ ನೋಡಬೇಕು.

ವಿಮೆಯ ವಿಷಯದಲ್ಲಿ ಮಾಲೀಕರು ಮೋಸಹೋಗುವುದುಂಟು. ಎಳೆಯುವ ವಾಹನದ ಸಾಮಾನ್ಯ ಪಾಲಿಸಿಯು ಕೆಟ್ಟು ನಿಂತ ಒಂದು ವಾಹನವನ್ನು ಬಾಡಿಗೆ ಪಡೆಯದೆ ಎಳೆಯುವಾಗ ಮೂರನೆಯವರಿಗಾದ ಹಾನಿಯನ್ನು ಭರಿಸುತ್ತದೆಯೇ ಹೊರತು, ಎಳೆಯಲ್ಪಡುವ ಕಾರಿಗಾದ ಹಾನಿಯನ್ನಲ್ಲ. ಬೆಲೆಬಾಳುವ ಕಾರಿಗೆ ಸಾಗಣೆಯ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಏರಿಸುವ ಮುನ್ನ ನಾಲ್ಕೂ ಬದಿಯ, ಕೆಳಭಾಗದ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟು, ಇಳಿಸಿದ ಕೂಡಲೇ ಅವುಗಳೊಡನೆ ಹೋಲಿಸಿ ನೋಡಿದ ಮೇಲಷ್ಟೇ ರಸೀದಿಗೆ ಸಹಿ ಹಾಕಬೇಕು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ದರೆ ಅದರ ಬೋಲ್ಟುಗಳನ್ನು ಚೀಟಿ ಬರೆದ ಚೀಲದಲ್ಲಿ ಕಾರಿನೊಳಗೇ ಕಳುಹಿಸುವುದು ಒಳ್ಳೆಯದು. ಹಳೆಯ ಅಳತೆಯ ಬೋಲ್ಟುಗಳು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ.