ಸುಲ್ತಾನ್ ಬಚ್ಚಿಟ್ಟ ಪುಸ್ತಕ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದರು. ಬಳಿಕ ಅರಮನೆಯನ್ನು ಶೋಧಿಸಿದ ಇಂಗ್ಲಿಷರ ಪೈಕಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಮಲಗುವ ಕೋಣೆಯಲ್ಲಿ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಅದರಲ್ಲಿ ಸುಲ್ತಾನರು ತಮ್ಮ 37 ಕನಸುಗಳನ್ನು ಪಾರಸಿ ಭಾಷೆಯಲ್ಲಿ ಸ್ವಂತ ಕೈಬರಹದಲ್ಲಿ ಬರೆದಿಟ್ಟಿದ್ದರು. ಆಗ ಅಲ್ಲಿದ್ದ ಆಪ್ತ ಸೇವಕ ಹಬೀಬುಲ್ಲಾ, ಇಂಥದೊಂದು ಪುಸ್ತಕವಿರುವುದು ತನಗೆ ಗೊತ್ತಿದ್ದರೂ ಅದನ್ನು ಎಂದೂ ಕಂಡಿರಲಿಲ್ಲವೆಂದು ಹೇಳಿದ. ಸುಲ್ತಾನರು ಅದನ್ನು ಓದುವಾಗ, ಬರೆಯುವಾಗ ಯಾರಾದರೂ ಹತ್ತಿರ ಬಂದರೆ ತಕ್ಷಣ ಮರೆಮಾಡುತ್ತಿದ್ದರಂತೆ!

ಈ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ್ ಕಾರ್ನಾಡರ ನಾಟಕದಿಂದಾಗಿ ಕನ್ನಡಿಗರಿಗೆ ಇದು ಹೊಸದೇನಲ್ಲ. ಆದರೆ ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇದರಲ್ಲಿ ತಮಗೆ ಬೇಕಾದ ಸಾಲುಗಳನ್ನು ಮಾತ್ರ ಹುಡುಕುತ್ತಾರೆ. ‘ಮೈಸೂರು ಹುಲಿ’ ಎನಿಸಿಕೊಂಡ ಅರಸನೊಬ್ಬ ರಾತ್ರಿಯ ಕನಸುಗಳನ್ನು ಗುಟ್ಟಾಗಿ ಏಕೆ ಬರೆದಿಡುತ್ತಿದ್ದ ಎಂಬ ಸರಳ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕನಸುಗಳು 1785ರಿಂದ ಆರಂಭವಾಗುತ್ತವೆ. ಆ ವರ್ಷಗಳಲ್ಲಿ ಮರಾಠರು, ನಿಜಾಮ, ಇಂಗ್ಲಿಷರು ಒಬ್ಬರಲ್ಲ ಒಬ್ಬರು ಗಡಿಯಲ್ಲಿದ್ದರು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಹತ್ತು ಮತ್ತು ಎಂಟು ವರ್ಷದ ಆಸುಪಾಸಿನ ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಅವರು ಮರಳಿದ್ದು 1794ರಲ್ಲಿ. ಒಪ್ಪಂದದ ದಿನದಿಂದ ಸುಲ್ತಾನರು ಹಾಸಿಗೆ ಬಿಟ್ಟು ಒರಟು ಬಟ್ಟೆಯ ಮೇಲೆ ಮಲಗತೊಡಗಿದರೆಂದು ಅಂದಿನ ಚರಿತ್ರೆಕಾರ ಕಿರ್ಮಾನಿ ಬರೆದಿದ್ದಾನೆ. ಇಂದಾದರೆ ನಾವು ಈ ಸ್ಥಿತಿಯನ್ನು ಆತಂಕ ಎನ್ನುತ್ತಿದ್ದೆವು.

ದಿಗಿಲು ಅರಮನೆಯೊಳಗೆ ಮಾತ್ರ ಇತ್ತೆಂದು ತಿಳಿಯಬಾರದು. 1771ರಲ್ಲಿ ಈಗಿನ ಪಾಂಡವಪುರ ತಾಲೂಕಿನ ಚಿನಕುರಳಿಯ ಬಳಿ ಹೈದರ್ ಅಲಿಯ ಸೇನೆ ಮರಾಠರಿಗೆ ಸೋತಾಗ ಮೇಲುಕೋಟೆ ಲೂಟಿಯಾಯಿತು. ಮೂರನೇ ಮೈಸೂರು ಯುದ್ಧದಲ್ಲಿ ನಾಗಮಂಗಲ ಮರಾಠ ದಂಡಿನ ದಾಳಿಗೆ ಸಿಕ್ಕಿ ಹಾಳಾಯಿತು. ಇಂದು ಕೃಷ್ಣರಾಜಪೇಟೆ ಎನಿಸಿಕೊಂಡಿರುವ ಅತ್ತಿಗುಪ್ಪೆಯ ಸೀಮೆಯೂ ರಾಜಧಾನಿಗೆ ದೂರವಿರಲಿಲ್ಲ. ದಂಡು ಬರುತ್ತದೆಂಬ ಸುದ್ದಿಗೆ ಮನೆ ಮಠ ಬಿಟ್ಟು ಓಡಿದ ಒಕ್ಕಲು ಮಕ್ಕಳ ಕನಸುಗಳನ್ನು ಬರೆದಿಟ್ಟವರು ಯಾರು?

ಮನಸ್ಸಿನ ತಳಮಳಕ್ಕೆ ಅಂದಿನವರ ಬಳಿ ಮದ್ದೇ ಇರಲಿಲ್ಲವೆನ್ನಲಾಗದು. ಸುಲ್ತಾನರ ಗ್ರಂಥಾಲಯದ ಸುಮಾರು ಎರಡು ಸಾವಿರ ಪುಸ್ತಕಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪ್ರಕಟಿಸಿದ. ಅದರಲ್ಲಿ ವೈದ್ಯಶಾಸ್ತ್ರದ ಗ್ರಂಥಗಳೂ ಇದ್ದವು, ಸೂಫಿ ಗ್ರಂಥಗಳೂ ಇದ್ದವು. ಆರೋಗ್ಯಕ್ಕೆ ಆರು ಸಂಗತಿಗಳು ಅನಿವಾರ್ಯವೆಂದು ಯುನಾನಿ ವೈದ್ಯ ಹೇಳುತ್ತದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ. ಮನಸ್ಸಿಗೂ ವಿಶ್ರಾಂತಿ ಬೇಕೆಂಬುದು ಹಕೀಮರಿಗೆ ತಿಳಿದಿತ್ತು.

ಅವರಿಗಿಂತ ಬಹಳ ಹಿಂದೆ, ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಆತ್ಮಗಳ ಪೋಷಣೆಯ ಬಗ್ಗೆ ಒಂದು ಗ್ರಂಥ ಬರೆದರು. ಭಯ, ದುಃಖ, ಕೋಪ, ಬಿಡದೆ ಕಾಡುವ ಯೋಚನೆ ಇವೆಲ್ಲ ಚಿಕಿತ್ಸೆಗೆ ಅರ್ಹವಾದ ಕಾಯಿಲೆಗಳೆಂದು ಅವರು ವಾದಿಸಿದರು. ಆಪತ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ನೆಮ್ಮದಿಯ ವಿಚಾರಗಳನ್ನೂ ಮೊದಲೇ ಕೂಡಿಟ್ಟುಕೊಳ್ಳಬೇಕೆಂದರು. ಇದು ಒಳಗಿನ ಮದ್ದು. ಮತ್ತೊಬ್ಬರ ಮುಂದೆ ಮನಸ್ಸು ತೆರೆದು ಅವರ ಹಿತವಚನ ಕೇಳುವುದು ಹೊರಗಿನ ಮದ್ದು. ಅವರ ದೃಷ್ಟಿಯಲ್ಲಿ ಎರಡೂ ಬೇಕು.

ಟಿಪ್ಪುವಿನ ಬಳಿ ಒಳಗಿನ ಮದ್ದು ಸಾಕಷ್ಟಿತ್ತು. ಕನಸುಗಳಿಗೆ ಅವರೇ ಅರ್ಥ ಬರೆದುಕೊಳ್ಳುತ್ತಿದ್ದರು, ಅದೂ ಬಹುಮಟ್ಟಿಗೆ ಗೆಲುವಿನ ಅರ್ಥ. ಒಂದು ಕನಸಿನಲ್ಲಿ ಹಿಂಭಾಗ ಜಖಂಗೊಂಡ ದೇವಾಲಯ ಕಾಣುತ್ತದೆ. ಅಲ್ಲಿನ ಹೆಣ್ಣು ವಿಗ್ರಹವೊಂದು ತಾವು ದೇವರನ್ನು ಪ್ರಾರ್ಥಿಸುತ್ತಿರುವುದಾಗಿ ಹೇಳುತ್ತದೆ. ಸುಲ್ತಾನರು ಒಳ್ಳೆಯದೆಂದು ಮೆಚ್ಚಿ ಕಟ್ಟಡದ ದುರಸ್ತಿಗೆ ಅಪ್ಪಣೆ ಕೊಡುತ್ತಾರೆ. ಎಚ್ಚರದಲ್ಲೂ ಅವರು ಅದೇ ಹಾದಿ ಹಿಡಿದಿದ್ದರು. 1791ರಲ್ಲಿ ಮರಾಠರು ಶೃಂಗೇರಿ ಮಠವನ್ನು ದೋಚಿದಾಗ ಅಲ್ಲಿನ ಸ್ವಾಮಿಗಳಿಗೆ ನೆರವು ಕಳುಹಿಸಿದರು, ರಾಜ್ಯದ ಒಳಿತಿಗೆ ಜಪ ನಡೆಸಲು ಕೋರಿದರು. ಈ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಕೊನೆಯ ದಿನ ಜ್ಯೋತಿಷಿಗಳು ಗಳಿಗೆ ಕೆಟ್ಟದೆಂದಾಗ ಬ್ರಾಹ್ಮಣರಿಗೆ ದಾನವನ್ನೂ ಕೊಟ್ಟರು.

ಇವು ಯಾವುದೂ ಕೋಟೆಯನ್ನು ಉಳಿಸಲಿಲ್ಲ. ಉಳಿಸಬೇಕೆಂದು ನಿರೀಕ್ಷಿಸುವುದೂ ತಪ್ಪು. ಪ್ರಾರ್ಥನೆ, ದಾನ, ಬರವಣಿಗೆ ಮನಸ್ಸಿಗೆ ಬಲ ಕೊಡಬಲ್ಲವೇ ಹೊರತು ಫಿರಂಗಿಯನ್ನು ತಡೆಯಲಾರವು. ಆದರೆ ಆ ಪುಸ್ತಕವನ್ನು ಹಂಚಿಕೊಳ್ಳಲು ಅರಸನಿಗೆ ಒಬ್ಬರೂ ಇರಲಿಲ್ಲವೆಂಬುದು ಮನಕಲಕುತ್ತದೆ. ಹೊರಗಿನ ಮದ್ದು ಅವರಿಗೆ ದೊರಕಲಿಲ್ಲ.

ನಮಗಾದರೂ ದೊರಕುತ್ತಿದೆಯೇ? 2015ರಲ್ಲಿ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಗಳು ನಾಡನ್ನೇ ಕಲಕಿದವು. ಸಾಲ ಮತ್ತು ಕಬ್ಬಿನ ಬಾಕಿ ಎಲ್ಲರಿಗೂ ಕಂಡಿತು. ಅವುಗಳ ಹಿಂದಿದ್ದ ನಿದ್ದೆಯಿಲ್ಲದ ರಾತ್ರಿಗಳು ಕಾಣಲಿಲ್ಲ. ಗಂಡಸಾದವನು ಹೆದರಬಾರದು, ಈಮಾನ್ ಇದ್ದವನಿಗೆ ಚಿಂತೆ ಬರದು ಎಂಬ ಮಾತುಗಳು ಎಷ್ಟು ಬಾಯಿಗಳನ್ನು ಮುಚ್ಚಿಸಿವೆಯೋ! ನಡಿಗೆ, ಹಿತಮಿತ ಆಹಾರ, ಹೊತ್ತಿಗೆ ಸರಿಯಾದ ನಿದ್ದೆ, ನಮಾಝ್, ಧ್ಯಾನ, ಪ್ರಾಣಾಯಾಮ ಎಲ್ಲವೂ ಒಳ್ಳೆಯದೇ. ಆದರೆ ಎದೆಬಡಿತ, ದಿಗಿಲು, ನಿದ್ರಾಹೀನತೆ ವಾರಗಟ್ಟಲೆ ಬಿಡದೆ ದುಡಿಮೆಯನ್ನೇ ಕೆಡಿಸಿದರೆ ವೈದ್ಯರ ಬಳಿ ಹೋಗಲೇಬೇಕು. ಗಿಡಮೂಲಿಕೆಯ ಅಥವಾ ತಾಯಿತದ ಭರವಸೆಯಲ್ಲಿ ವೈದ್ಯರು ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಿಗಿಲುಪಡುವುದು ಹೇಡಿತನವಲ್ಲ. ಕತ್ತಿ ಹಿಡಿದೇ ಸತ್ತವರಿಗೂ ಅದು ಇತ್ತು. ನಮ್ಮ ಮನೆಯಲ್ಲಿ ಇಂಥ ಪುಸ್ತಕವನ್ನು ಬಚ್ಚಿಡುತ್ತಿರುವವರು ಯಾರು ಎಂದು ಗಮನಿಸಿ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಹೊಣೆ ನಮ್ಮದು.