ಹಣೆಯ ಪಟ್ಟಿ, ಅಡಿಗೆಮನೆಯ ಮಡಕೆ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಅರ್ಧ ಊಟಕ್ಕೇ ಕೈ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ. ಅವನು ಕ್ರಿಶ್ಚಿಯನ್, ನಾನಲ್ಲ. ಅವನ ಊರಿನ ಚರ್ಚಿನ ಪಾದ್ರಿ ಹಣದ ವಿಷಯದಲ್ಲಿ ಸಿಕ್ಕಿಬಿದ್ದಿದ್ದಾರಂತೆ. "ನನ್ನ ಮಗಳಿಗೆ ದೀಕ್ಷಾಸ್ನಾನ ಕೊಟ್ಟಿದ್ದು ಅದೇ ಕೈ ಕಣೋ. ಅದೀಗ ಲೆಕ್ಕಕ್ಕೆ ಬರುತ್ತಾ ಇಲ್ವಾ? ಇತಿಹಾಸ ಗಿತಿಹಾಸ ಅಂತ ಓದ್ತಿರ್ತೀಯಲ್ಲ, ನೀನೇ ಹೇಳು" ಅಂದ. ತಮಾಷೆಗೆ ಕೇಳಿದ್ದಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಕನ್ನಡ ಬೈಬಲ್ ತೆಗೆದು ಯಾಜಕಕಾಂಡದಿಂದ ಶುರು ಮಾಡಿದೆ. ಒಂದು ವಾರ ಅದರಲ್ಲೇ ಹೋಯಿತು.

ಬೈಬಲ್ ಓದಲು ಹೊರಟವರು ಸಾಮಾನ್ಯವಾಗಿ ನಿಂತುಬಿಡುವುದು ಈ ಯಾಜಕಕಾಂಡದಲ್ಲೇ ಅಂತ ಅವನೇ ಹೇಳಿದ್ದ. ನನಗೆ ಹಾಗಾಗಲಿಲ್ಲ. ಕಾರಣ ನಮ್ಮಜ್ಜಿ! ಗಳುವಿನ ಮೇಲೆ ಮಡಿಬಟ್ಟೆ ಒಣಗಿಸಿ, ಕೋಲಿನಿಂದಲೇ ಅದನ್ನು ಎಳೆದುಕೊಂಡು, "ಮುಟ್ಟಬೇಡ್ವೋ" ಅಂತ ಕೂಗುವ ಅಜ್ಜಿಯ ಜೊತೆ ಬೆಳೆದವರಿಗೆ ಆರೋನನ ವಂಶದ ಯಾಜಕರ ಕಟ್ಟುಪಾಡುಗಳು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ಗುಡಾರದ ಒಳಗೆ ಹೋಗುವ ಮುನ್ನ ತಾಮ್ರದ ತೊಟ್ಟಿಯಲ್ಲಿ ಕೈಕಾಲು ತೊಳೆಯಬೇಕು, ಇಲ್ಲದಿದ್ದರೆ ಸಾವು. ಮದ್ಯ ಕುಡಿದು ಒಳಗೆ ಕಾಲಿಡುವಂತಿಲ್ಲ. ಯಾಜಕ ಹೆಣ ಮುಟ್ಟಬಾರದು, ಹತ್ತಿರದ ರಕ್ತಸಂಬಂಧಿಗಳದ್ದಾದರೆ ಮಾತ್ರ ವಿನಾಯಿತಿ. ಮಹಾಯಾಜಕನಿಗೆ ಅದೂ ಇಲ್ಲ, ಸತ್ತಿದ್ದು ಹೆತ್ತ ತಾಯಿಯೇ ಆದರೂ! ಆರೋನನ ಇಬ್ಬರು ಮಕ್ಕಳು, ನಾದಾಬ್ ಮತ್ತು ಅಬೀಹು, ಹೇಳದ ಬೆಂಕಿಯನ್ನು ಧೂಪಾರತಿಯಲ್ಲಿ ತಂದರೆಂದು ಅಲ್ಲೇ ಸುಟ್ಟುಹೋಗುತ್ತಾರೆ. ಅಪ್ಪ ಆರೋನ ಸುಮ್ಮನಿದ್ದ ಅಂತಷ್ಟೇ ಬರೆದಿದೆ. ಆ ಜಾಗದಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ.

ಮಹಾಯಾಜಕನ ಮುಂಡಾಸಿನ ಮುಂದೆ, ಹಣೆಯ ಮೇಲೆ, ಒಂದು ಚಿನ್ನದ ಪಟ್ಟಿ. ಅದರ ಮೇಲೆ ಇದು ಯೆಹೋವನಿಗೆ ಮೀಸಲು ಅನ್ನುವ ಅರ್ಥದ ಕೆತ್ತನೆ. ಇಡೀ ಜನರ ಪರಿಶುದ್ಧತೆಯ ಭಾರ ಒಬ್ಬನ ಹಣೆಯ ಮೇಲೆ ಕೂತ ಹಾಗೆ. ಆದರೆ ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನ ಜನರ ಪಾಪದ ಮಾತು ಎತ್ತುವ ಮೊದಲು ಅವನು ತನಗೂ ತನ್ನ ಮನೆಯವರಿಗೂ ಅಂತ ಒಂದು ಹೋರಿಯನ್ನು ಬಲಿ ಕೊಡಬೇಕು. ಅಂದರೆ ಪಟ್ಟಿ ಕಟ್ಟಿಕೊಂಡವನೂ ತಪ್ಪು ಮಾಡಿಯೇ ಮಾಡುತ್ತಾನೆ ಅಂತ ಬರೆದವರಿಗೆ ಮೊದಲೇ ಗೊತ್ತಿತ್ತು.

ನನಗೆ ನಿಜವಾಗಿ ಆಶ್ಚರ್ಯವಾಗಿದ್ದು 19ನೇ ಅಧ್ಯಾಯ. ಅಲ್ಲಿಯ ತನಕ ಹೆಚ್ಚಾಗಿ ಆರೋನ, ಅವನ ಮಕ್ಕಳು ಅಂತ ಇದ್ದ ಮಾತು ಇಲ್ಲಿ ಇದ್ದಕ್ಕಿದ್ದಂತೆ ಇಡೀ ಸಮೂಹದ ಕಡೆ ತಿರುಗುತ್ತದೆ. ನೀವೆಲ್ಲರೂ ಪರಿಶುದ್ಧರಾಗಿರಬೇಕು ಅನ್ನುತ್ತದೆ. ಹೇಗೆ ಅಂದರೆ, ಹೊಲದ ಅಂಚಿನ ತೆನೆ ಪೂರ್ತಿ ಕೊಯ್ಯಬೇಡ, ಬಡವನಿಗೂ ಪರದೇಶದವನಿಗೂ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ಕುರುಡನ ದಾರಿಗೆ ಕಲ್ಲು ಹಾಕಬೇಡ. ತಕ್ಕಡಿ, ಕಲ್ಲು, ಸೇರು ಸರಿಯಾಗಿರಲಿ. 17ರಿಂದ 26ರವರೆಗಿನ ಅಧ್ಯಾಯಗಳಿಗೆ 1877ರಲ್ಲಿ ಕ್ಲೋಸ್ಟರ್‌ಮನ್ ಎಂಬ ಜರ್ಮನ್ ವಿದ್ವಾಂಸ ಪರಿಶುದ್ಧತೆಯ ಕಟ್ಟಳೆ ಅನ್ನುವ ಅರ್ಥದ ಹೆಸರಿಟ್ಟ, ಈಗಲೂ ಹಾಗೇ ಕರೆಯುತ್ತಾರೆ. ಮಡಿಯ ಪಟ್ಟಿಯಲ್ಲಿ ಕೂಲಿಯವನ ಸಂಬಳ! ನಮ್ಮಜ್ಜಿಯ ಮಡಿಯಲ್ಲಿ ಇದು ಇರಲಿಲ್ಲ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ :)

ಇಲ್ಲೊಂದು ಸಣ್ಣ ಅಡ್ಡಮಾತು. 1979ರಲ್ಲಿ ಜೆರುಸಲೇಮಿನ ಕೇತೆಫ್ ಹಿನ್ನೋಮ್ ಎಂಬಲ್ಲಿ ಗೇಬ್ರಿಯಲ್ ಬಾರ್ಕಾಯ್ ತಂಡ ಹಳೆಯ ಗೋರಿಗಳನ್ನು ಅಗೆದಾಗ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡು ಸಿಕ್ಕವು, ನಮ್ಮ ತಾಯತದ ಹಾಗೆ. ಮುರಿಯದಂತೆ ಬಿಡಿಸಲು ವರ್ಷಗಳೇ ಹಿಡಿದವು. ಒಳಗಿದ್ದದ್ದು ಆರೋನನ ವಂಶದವರು ಜನರನ್ನು ಹರಸುವ ಮಾತು, ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿರುವಂಥದ್ದು. ಕಾಲ ಸುಮಾರು ಕ್ರಿ.ಪೂ. 600. ಈವರೆಗೆ ಸಿಕ್ಕಿರುವ ಬೈಬಲಿನ ಮಾತುಗಳಲ್ಲೆಲ್ಲ ಹಳೆಯದು ಇದೇ. ಹೆಣದ ಹತ್ತಿರ ಸುಳಿಯಬಾರದ ಯಾಜಕನ ಮಾತು ಗೋರಿಯೊಳಗೆ ಸತ್ತವರ ಜೊತೆ ಮಲಗಿತ್ತು ನೋಡಿ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ಬಲಿ ನಿಂತಿತು. ಯಹೂದ್ಯರು ಏನು ಮಾಡಿದರು ಅನ್ನುವುದೇ ಬೇರೆ ದೊಡ್ಡ ಕತೆ, ಇಲ್ಲಿ ಬೇಡ. ಕ್ರೈಸ್ತರಲ್ಲಿ ಇಬ್ರಿಯರಿಗೆ ಬರೆದ ಪತ್ರ ಯೇಸುವನ್ನೇ ಮಹಾಯಾಜಕ ಎಂದಿತು. ಪೇತ್ರನ ಮೊದಲನೆಯ ಪತ್ರ ನಂಬಿದವರೆಲ್ಲರನ್ನೂ ಯಾಜಕವರ್ಗ ಎಂದು ಕರೆದು, ಯಾಜಕಕಾಂಡದ ಅದೇ ಪರಿಶುದ್ಧತೆಯ ಮಾತನ್ನು ಅವರ ಮುಂದಿಟ್ಟಿತು. ಗಮನಿಸಿ, ಹೊಸ ಒಡಂಬಡಿಕೆ ಸಭೆಯ ಮುಖಂಡರನ್ನು ಎಲ್ಲೂ ಯಾಜಕರು ಅನ್ನುವುದಿಲ್ಲ, ಹಿರಿಯರು ಅನ್ನುತ್ತದೆ.

ಆದರೆ ಮೂರನೇ ಶತಮಾನದ ಹೊತ್ತಿಗೆ ಆ ಹೆಸರು ಮತ್ತೆ ಒಬ್ಬನ ಮೇಲೆ ಬಂದು ಕೂತಿತ್ತು. ಇಂದಿನ ಟ್ಯುನೀಷಿಯಾದಲ್ಲಿರುವ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬಿಷಪ್ಪರನ್ನು ಯಾಜಕರೆಂದೇ ಕರೆಯುತ್ತಿದ್ದ. ಸ್ಪೇನಿನಲ್ಲಿ ಇಬ್ಬರು ಬಿಷಪ್ಪರು ಹಿಂಸೆಗೆ ಹೆದರಿ ನಂಬಿಕೆ ಬಿಟ್ಟಿದ್ದರು. ಅವರ ಬಗ್ಗೆ ಸುಮಾರು 254ರಲ್ಲಿ ಸಿಪ್ರಿಯನ್ ಮತ್ತು ಜೊತೆಯ ಬಿಷಪ್ಪರು ಬರೆದ ಪತ್ರವೊಂದಿದೆ. ಅದರಲ್ಲಿ ಯಾಜಕಕಾಂಡದ 21ನೇ ಅಧ್ಯಾಯ ಬರುತ್ತದೆ. ಅಂಗವಿಕಲನಾದ ಯಾಜಕ ಬಲಿ ಅರ್ಪಿಸಬಾರದು ಅನ್ನುವ ಮಾತು ಅದು. (ಇವತ್ತು ಓದಿದರೆ ಕಸಿವಿಸಿಯಾಗುವ ಮಾತು.) ಅವರು ಅದನ್ನು ದೇಹದಿಂದ ನಡತೆಗೆ ಎಳೆದರು. ಕಳಂಕ ಅಂದರೆ ಪಾಪ. ಅಂಥ ಯಾಜಕನ ಜೊತೆ ಸೇರಿದ ಜನರಿಗೂ ಅದು ಅಂಟುತ್ತದೆ ಅಂದರು. ನನ್ನ ಗೆಳೆಯನ ಭಯ ಅಕ್ಷರಶಃ ಇದೇ!

ಐವತ್ತು ವರ್ಷದ ನಂತರ ಇದೇ ಮಾತಿನ ಮೇಲೆ ಆಫ್ರಿಕಾದ ಸಭೆ ಎರಡಾಯಿತು. 303ರಲ್ಲಿ ಡಯೋಕ್ಲಿಶಿಯನ್ ಚಕ್ರವರ್ತಿ ಚರ್ಚು ಕೆಡವಿ, ಪವಿತ್ರ ಪುಸ್ತಕಗಳನ್ನು ಸುಡಿ ಅಂತ ಆಜ್ಞೆ ಹೊರಡಿಸಿದ. ಕೆಲವರು ಕೊಡದೆ ಸತ್ತರು. ಕೆಲವರು ಕೊಟ್ಟು ಬದುಕಿದರು. ಕೆಲವರು ಉಪಾಯ ಮಾಡಿದರು: ಕಾರ್ಥೇಜಿನ ಬಿಷಪ್ ಮೆನ್ಸೂರಿಯಸ್ ಬೇರೆ ಪಂಥದವರ ಪುಸ್ತಕಗಳನ್ನು ಮುಂದಿಟ್ಟು ಪಾರಾದನಂತೆ, ಇನ್ನೊಬ್ಬ ವೈದ್ಯದ ಪುಸ್ತಕಗಳನ್ನು ಕೊಟ್ಟನಂತೆ. ಅವನ ನಂತರ ಸಿಸಿಲಿಯನ್ ಬಿಷಪ್ ಆದಾಗ ಜಗಳ ಶುರು. ಅವನಿಗೆ ಅಭಿಷೇಕ ಮಾಡಿದ ಫೆಲಿಕ್ಸ್ ಪುಸ್ತಕ ಒಪ್ಪಿಸಿದವನು, ಹಾಗಾಗಿ ಅಭಿಷೇಕವೇ ಸುಳ್ಳು, ಅವನು ಕೊಡುವ ದೀಕ್ಷಾಸ್ನಾನವೂ ಸುಳ್ಳು ಅಂತ ಒಂದು ಗುಂಪು ಹಟ ಹಿಡಿಯಿತು. ಅವರೇ ಮುಂದೆ ಡೊನಾಟಿಸ್ಟರು. ವಿಚಾರಣೆಯಲ್ಲಿ ಫೆಲಿಕ್ಸ್ ನಿರ್ದೋಷಿ ಅಂತಾಯಿತು. 314ರಲ್ಲಿ ಆರ್ಲ್ಸ್ ನಗರದ ಬಿಷಪ್ಪರ ಸಭೆ ಕೂಡ ಡೊನಾಟಿಸ್ಟರ ವಿರುದ್ಧ ಹೇಳಿತು. ಒಡಕು ಮಾತ್ರ ನೂರು ವರ್ಷವಾದರೂ ಮುಗಿಯಲಿಲ್ಲ.

ಅವರನ್ನು ಬರೀ ಹಟಮಾರಿಗಳು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅಣ್ಣನೋ ತಾಯಿಯೋ ಪುಸ್ತಕ ಕೊಡೋಲ್ಲ ಅಂತ ಸತ್ತಿದ್ದಾರೆ, ಕೊಟ್ಟು ಬದುಕಿದ ಅನ್ನುವ ಆರೋಪ ಹೊತ್ತವನ ಕೈಯಿಂದ ರೊಟ್ಟಿ ತಗೊಳ್ಳಿ ಅಂದರೆ ಹೇಗಾಗಬೇಡ?

ಎದುರು ನಿಂತವನು ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್. ಅವನ ವಾದ ಸರಳ. ದೀಕ್ಷಾಸ್ನಾನ ಕೊಡುವವನು ನಿಜವಾಗಿ ಕ್ರಿಸ್ತ, ಮನುಷ್ಯ ಬರೀ ಕಾಲುವೆ. ಕಲ್ಲಿನ ಕಾಲುವೆಯಲ್ಲಿ ನೀರು ಹರಿದರೆ ಕಲ್ಲಿನಲ್ಲಿ ಏನೂ ಬೆಳೆಯುವುದಿಲ್ಲ, ಆದರೆ ತೋಟಕ್ಕೆ ನೀರು ಮುಟ್ಟುತ್ತದೆ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ಸುಮಾರು 280-280 ಬಿಷಪ್ಪರು ಎದುರುಬದುರಾದರು. ಚಕ್ರವರ್ತಿಯ ಅಧಿಕಾರಿ ಮಾರ್ಸೆಲಿನಸ್ ಡೊನಾಟಿಸ್ಟರ ವಿರುದ್ಧ ತೀರ್ಪು ಕೊಟ್ಟ. ಮರುವರ್ಷ ಅವರಿಗೆಲ್ಲ ದಂಡ ಹಾಕುವ ಕಾನೂನು ಬಂತು. ಅಂಥ ಬಲವಂತವನ್ನು ಅಗಸ್ಟೀನ್ ಸಮರ್ಥಿಸಿದ, ಅದು ನನಗೆ ಹಿಡಿಸಲಿಲ್ಲ. ಕಾಲುವೆಯ ವಾದ ಮಾತ್ರ ಗೆದ್ದು ಉಳಿಯಿತು. ಹಾಗಾಗಿ ಗೆಳೆಯನ ಪ್ರಶ್ನೆಗೆ ಇತಿಹಾಸದ ಉತ್ತರ ಏನಪ್ಪಾ ಅಂದರೆ, ಮಗಳ ದೀಕ್ಷಾಸ್ನಾನ ಲೆಕ್ಕಕ್ಕಿದೆ.

1520ರಲ್ಲಿ ಲೂಥರ್, ಚಮ್ಮಾರ, ಕಮ್ಮಾರ, ರೈತ ಎಲ್ಲರೂ ದೀಕ್ಷೆಯಾದ ಯಾಜಕರೇ, ಕೆಲಸ ಮಾತ್ರ ಬೇರೆ ಬೇರೆ ಅಂತ ಬರೆದ. ಅದು ಎಲ್ಲರಿಗೂ ಗೊತ್ತಿರುವ ಕತೆ. ನನಗೆ ಅದಕ್ಕಿಂತ ಹಿಡಿಸಿದ್ದು ಹಳೆಯ ಒಡಂಬಡಿಕೆಯಲ್ಲೇ ಇರುವ ಜೆಕರ್ಯನ ಪುಸ್ತಕದ ಕೊನೆಯ ಎರಡು ವಚನ. ಮುಂದೊಂದು ದಿನ ಮಹಾಯಾಜಕನ ಹಣೆಯ ಮೇಲಿದ್ದ ಅದೇ ಮಾತು ಕುದುರೆಗಳ ಗೆಜ್ಜೆಯ ಮೇಲೂ ಇರುತ್ತದಂತೆ. ಜೆರುಸಲೇಮಿನ ಮನೆಮನೆಯ ಅಡಿಗೆ ಮಡಕೆಯೂ ದೇವಾಲಯದ ಪಾತ್ರೆಯಷ್ಟೇ ಮೀಸಲಾಗುತ್ತದಂತೆ. ಸಾರು ಕುದಿಯುವ ಮಡಕೆ!

ಇಷ್ಟನ್ನೂ ಗೆಳೆಯನಿಗೆ ಹೇಳಿದೆ. ಮಗಳ ವಿಷಯಕ್ಕೆ ಸಮಾಧಾನವಾಯಿತು ಅಂದ. ಸ್ವಲ್ಪ ಹೊತ್ತು ಬಿಟ್ಟು, "ಸರಿ, ನೀರು ತೋಟಕ್ಕೆ ಬಂತು. ಹೊಲಸಾದ ಕಾಲುವೆ ತೊಳೆಯೋರು ಯಾರು? ನಾವೆಲ್ಲ ಯಾಜಕರು ಅಂತಾದ್ರೆ ನಾನೇನಾ?" ಅಂತ ಕೇಳಿದ. ಮುಂದಿನ ಭಾನುವಾರ ಊರಲ್ಲಿ ಚರ್ಚಿನ ಲೆಕ್ಕಪತ್ರದ ಮೀಟಿಂಗ್ ಇದೆಯಂತೆ. ರಾತ್ರಿ ಬಸ್ಸಿಗೆ ಟಿಕೆಟ್ ಬುಕ್ ಮಾಡಿದ್ದಾನೆ.