ಡಬ್ ಟೆಕ್ನೊ: ಸ್ವಂತಿಕೆ ಮತ್ತು ಪ್ರಭಾವ
ರೆಗೆಯಿಂದ ಹುಟ್ಟಿದ ಜಮೈಕಾದ ಡಬ್ ಮತ್ತು ಡೆಟ್ರಾಯಿಟ್‌ನ ಟೆಕ್ನೊ ಬೆರೆತು 1990ರ ದಶಕದ ಬರ್ಲಿನ್‌ನಲ್ಲಿ ರೂಪುಗೊಂಡ ಎಲೆಕ್ಟ್ರಾನಿಕ್ ಸಂಗೀತ ಪ್ರಕಾರ. ಮಾರ್ಕ್ ಅರ್ನೆಸ್ಟಸ್ ಹಾಗೂ ಮೋರಿಟ್ಸ್ ಫಾನ್ ಓಸ್ವಾಲ್ಡ್ 1993ರಲ್ಲಿ ಆರಂಭಿಸಿದ ಬೇಸಿಕ್ ಚಾನಲ್ ಎಂಬ ಧ್ವನಿಮುದ್ರಣ ಸಂಸ್ಥೆ ಇದರ ಬುನಾದಿ. ಒಂದೇ ಸಿಂಥಸೈಜರ್ ಸ್ವರಗುಚ್ಛವನ್ನು ಪ್ರತಿಧ್ವನಿ, ಫಿಲ್ಟರ್‌ಗಳಲ್ಲಿ ಹಾಯಿಸುತ್ತ, ಅದರ ಬಣ್ಣವನ್ನು ಬಹಳ ನಿಧಾನವಾಗಿ ಬದಲಿಸುವುದು ಇವರ ಕ್ರಮ. ಮಿಕ್ಸಿಂಗ್ ಮೇಜನ್ನೇ ವಾದ್ಯವಾಗಿಸಿದ ಜಮೈಕಾದ ಡಬ್ ನಿರ್ಮಾಪಕ ಕಿಂಗ್ ಟಬ್ಬಿಯ ಋಣ ಇಲ್ಲಿ ಎದ್ದು ಕಾಣುತ್ತದೆ. ಅದನ್ನು ಇವರು ಮರೆಮಾಚಲಿಲ್ಲ. ನ್ಯೂಯಾರ್ಕ್‌ನ ರೆಗೆ ಸಂಸ್ಥೆ ವ್ಯಾಕೀಸ್‌ನ ಹಳೆಯ ಧ್ವನಿಮುದ್ರಿಕೆಗಳನ್ನು ತಾವೇ ಮರುಪ್ರಕಟಿಸಿದರು.

ಸಾಮಗ್ರಿ ಇಷ್ಟು ಮಿತವಾದ್ದರಿಂದ ಅನುಕರಣೆ ಸುಲಭ. ನಂತರದ ಎಷ್ಟೋ ಕೃತಿಗಳು ಬರಿಯ ನಕಲುಗಳೇ. ಆದರೆ 1995ರಲ್ಲಿ ಇವರೇ ತೆರೆದ ಚೈನ್ ರಿಯಾಕ್ಷನ್ ಸಂಸ್ಥೆ ಪ್ರಕಟಿಸಿದ ಕಲಾವಿದರಾದ ಪೋರ್ಟರ್ ರಿಕ್ಸ್, ಮೊನೊಲೇಕ್, ವ್ಲಾದಿಸ್ಲಾವ್ ಡಿಲೇ ಅದೇ ಮಿತಿಯೊಳಗೆ ತಂತಮ್ಮ ದನಿ ಕಂಡುಕೊಂಡರು. ಡಿಲೇಯ ಸಂಗೀತದಲ್ಲಂತೂ ತಾಳವೇ ಚೂರುಚೂರಾಗಿ ಕರಗುತ್ತದೆ.